ಮಾಣಿಯಿಂದ ಮೈಸೂರಿಗೆ: ಎಂಬತ್ತೆಂಟರ ರಸ್ತೆ

ಕೆಲವು ತಿಂಗಳ ಹಿಂದೆ ಪುತ್ತೂರಿನಿಂದ ಸುಳ್ಯಕ್ಕೆ ಹೋಗುತ್ತಿದ್ದಾಗ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಬಾಲಕನೊಡನೆ ಮಾತಿಗೆ ಮಾತು ಬಂದು "ಇದು ಎಂಬತ್ತೆಂಟರ ರಸ್ತೆ" ಎಂದೆ. ಅವನು "ಅಲ್ಲ ಅಜ್ಜ, ಇನ್ನೂರ ಎಪ್ಪತ್ತೈದು" ಎಂದು ಕಿಟಕಿಯಾಚೆಗೆ ಬೆರಳು ತೋರಿಸಿದ. ಅವನು ಹೇಳಿದ್ದೇ ಸರಿ. ರಾಜ್ಯ ಹೆದ್ದಾರಿಯ ಕಲ್ಲಿಗೆ ಹಸಿರು ತಲೆ, ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ಹಳದಿ ತಲೆ. ನಾವು ಹಸಿರಿನ ಕಾಲದವರು.

ಬಂಟ್ವಾಳ–ಮೈಸೂರು ರಸ್ತೆ ಎಂದು ಕಡತಗಳಲ್ಲಿ ಹೆಸರಿದ್ದ ರಾಜ್ಯ ಹೆದ್ದಾರಿ ೮೮, ಎರಡು ಸಾವಿರದ ಹತ್ತರ ದಶಕದಲ್ಲಿ ರಾಷ್ಟ್ರೀಯ ಹೆದ್ದಾರಿ ೨೭೫ರೊಳಗೆ ಸೇರಿಹೋಯಿತು. ಮಾಣಿಯಲ್ಲಿ ಬೆಂಗಳೂರು ರಸ್ತೆಯನ್ನು ಬಿಟ್ಟು ಕಬಕ, ಪುತ್ತೂರು, ಕುಂಬ್ರ, ಕಾವು, ಜಾಲ್ಸೂರು ದಾಟಿ ಸುಳ್ಯ. ಅಲ್ಲಿಂದ ಪಯಸ್ವಿನಿಯ ಜೊತೆಜೊತೆಗೇ ಅರಂತೋಡು, ಕಲ್ಲುಗುಂಡಿ, ಸಂಪಾಜೆ. ಬಳಿಕ ಘಟ್ಟವೇರಿ ಮಡಿಕೇರಿ. ಮತ್ತೆ ಇಳಿದು ಸುಂಟಿಕೊಪ್ಪ, ಕುಶಾಲನಗರ, ಬೈಲಕುಪ್ಪೆ, ಹುಣಸೂರು, ಇಲವಾಲ, ಮೈಸೂರು. ಒಟ್ಟು ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ತಮಾಷೆಯೆಂದರೆ ಪುತ್ತೂರಿನವರಿಗೆ ಇದು ಮೈಸೂರು ರಸ್ತೆ, ಹುಣಸೂರಿನವರಿಗೆ ಮಂಗಳೂರು ರಸ್ತೆ. ಮಡಿಕೇರಿಯವರಿಗೆ ಅತ್ತಲೂ ಹೌದು, ಇತ್ತಲೂ ಹೌದು.

ಈ ಒಂದು ದಾರಿಗೆ ಒಂದೇ ಸಂಖ್ಯೆ ಇರಲು ಸಾಧ್ಯವಾದದ್ದೇ ೧೯೫೬ರ ನವೆಂಬರ್ ೧ರ ಬಳಿಕ ಎಂಬುದನ್ನು ಇಂದಿನ ಮಕ್ಕಳು ನಂಬಲಾರರು. ಅದುವರೆಗೆ ಸುಳ್ಯ, ಪುತ್ತೂರು ಮದರಾಸಿಗೆ ಸೇರಿದ್ದವು. ಕೊಡಗು ಬೇರೆಯೇ ರಾಜ್ಯವಾಗಿತ್ತು. ಕುಶಾಲನಗರದಲ್ಲಿ ಕಾವೇರಿಯನ್ನು ದಾಟಿದೊಡನೆ ಮೈಸೂರು ಸೀಮೆ. ಒಂದೇ ರಸ್ತೆಗೆ ಮೂರು ಸರಕಾರಗಳು! ಇದರಲ್ಲಿಯೂ ಒಂದು ಸೋಜಿಗವಿದೆ. ಸುಳ್ಯದಿಂದ ಮಡಿಕೇರಿಯ ಕಡೆಗೆ ಹೊರಟರೆ ಮೊದಲು ಸಿಗುವ ಪೆರಾಜೆ ಕೊಡಗಿಗೆ ಸೇರಿದ ಊರು. ಅದನ್ನು ದಾಟಿ ಅರಂತೋಡಿಗೆ ಬಂದರೆ ಮತ್ತೆ ದಕ್ಷಿಣ ಕನ್ನಡ. ಸಂಪಾಜೆಯಲ್ಲಿ ಪುನಃ ಕೊಡಗು. ಆ ಊರಂತೂ ಎರಡು ಜಿಲ್ಲೆಗಳಲ್ಲಿ ಎರಡು ಪಂಚಾಯತುಗಳಾಗಿ ಹಂಚಿಹೋಗಿದೆ. ೧೯೫೬ಕ್ಕೆ ಮುನ್ನ ಈ ದಾರಿಯಲ್ಲಿ ಪಯಣಿಸಿದ್ದ ನನ್ನ ತಂದೆಯವರು, "ಒಂದು ವೀಳ್ಯ ಮೆಲ್ಲುವುದರೊಳಗೆ ಎರಡು ಸರಕಾರ ದಾಟುತ್ತಿದ್ದೆವು" ಎನ್ನುತ್ತಿದ್ದರು.

ಗಡಿಯ ಈ ಗೋಜಲಿಗೆ ಹಳೆಯ ಕಾರಣವೊಂದಿದೆ. ಅಮರ ಸುಳ್ಯ, ಪುತ್ತೂರು ಸೀಮೆಗಳು ಕೊಡಗಿನ ಅರಸರ ಆಳ್ವಿಕೆಯಲ್ಲಿದ್ದವು. ೧೮೩೪ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಕಂಪೆನಿ ಸರಕಾರ ಕೊಡಗನ್ನು ತನ್ನದಾಗಿಸಿಕೊಂಡು ಈ ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆದ ಬೆಳೆಯಲ್ಲೇ ಕಂದಾಯ ಕೊಟ್ಟು ರೂಢಿಯಾಗಿದ್ದ ರೈತರು ನಗದು ಹಣವನ್ನೇ ಕೊಡಬೇಕಾಯಿತು. ಆ ಸಂಕಟವೇ ೧೮೩೭ರ ಬಂಡಾಯಕ್ಕೆ ಮುಖ್ಯ ಕಾರಣ. ಕೆದಂಬಾಡಿ ರಾಮಯ್ಯ ಗೌಡರು, ಕಲ್ಯಾಣಸ್ವಾಮಿಯೆಂದು ಕರೆಸಿಕೊಂಡ ಪುಟ್ಟಬಸಪ್ಪ ಮೊದಲಾದವರ ಮುಂದಾಳತನದಲ್ಲಿ ಸುಳ್ಯದ ಸೀಮೆಯಿಂದ ಹೊರಟ ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು, ಪಾಣೆಮಂಗಳೂರಿನ ದಾರಿಯಾಗಿ ಏಪ್ರಿಲ್ ೫ರಂದು ಮಂಗಳೂರನ್ನು ಸೇರಿ ಬಾವುಟಗುಡ್ಡೆಯಲ್ಲಿ ತನ್ನ ಬಾವುಟವನ್ನು ಏರಿಸಿತು. ಎರಡು ವಾರದೊಳಗೆ ಎಲ್ಲವೂ ಮುಗಿಯಿತು. ಪುಟ್ಟಬಸಪ್ಪನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರಿನಲ್ಲಿ ಮಡಿಕೇರಿಯ ಕೋಟೆಯಲ್ಲಿ. ರಾಮಯ್ಯ ಗೌಡರ ಕಂಚಿನ ಪ್ರತಿಮೆ ಬಾವುಟಗುಡ್ಡೆಯಲ್ಲಿ ನಿಂತದ್ದು ೨೦೨೨ರಲ್ಲಿ, ಅಂದರೆ ನೂರ ಎಂಬತ್ತೈದು ವರ್ಷಗಳ ನಂತರ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಈ ಕಥೆ ಹಿರಿಯರ ಬಾಯಲ್ಲಿ ಇದ್ದಷ್ಟು ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಬಳಿಕ ಕಾಫಿಯ ಕಾಲ ಬಂತು. ೧೮೫೦ರ ದಶಕದಲ್ಲಿ ಮಡಿಕೇರಿಯ ಸುತ್ತ ಐರೋಪ್ಯರ ತೋಟಗಳು ಎದ್ದವು. ಎತ್ತಿನ ಗಾಡಿಗಳು ಘಟ್ಟವಿಳಿದು ಮಂಗಳೂರಿನ ಬಂದರಿಗೂ, ಇತ್ತ ಕಾಫಿ ಹದಮಾಡುವ ಕಾರ್ಖಾನೆಯಿದ್ದ ಹುಣಸೂರಿಗೂ ನಡೆದವು. ಇದನ್ನು ನಾನು ಉತ್ಸಾಹದಿಂದಲೇ ಬೋಧಿಸುತ್ತಿದ್ದೆ.

ನಾನು ಬೋಧಿಸದೆ ಬಿಟ್ಟದ್ದನ್ನೂ ಹೇಳಬೇಕು. ೧೯೮೭ರಲ್ಲಿ ಹತ್ತನೆಯ ತರಗತಿಯವರಿಗೆ "ನಮ್ಮ ರಸ್ತೆಯ ಚರಿತ್ರೆ" ಎಂಬ ಪ್ರಬಂಧವನ್ನು ಕೊಟ್ಟಿದ್ದೆ. ಎಲ್ಲರೂ ಕಲ್ಯಾಣಸ್ವಾಮಿಯ ವಿಷಯ ಬರೆದರು. ರಬ್ಬರ್ ತೋಟದ ವಸತಿಯಿಂದ ಬರುತ್ತಿದ್ದ ಒಬ್ಬಳು ಹುಡುಗಿ ಮಾತ್ರ, ತನ್ನ ಅಪ್ಪ ಅಮ್ಮ ಸಿಲೋನಿನಿಂದ ಹಡಗಿನಲ್ಲಿ ಬಂದು, ಕೊನೆಗೆ ಲಾರಿಯೊಂದರಲ್ಲಿ ಪಾತ್ರೆಪಗಡೆಯೊಡನೆ ಈ ರಸ್ತೆಯಲ್ಲಿ ಸುಳ್ಯಕ್ಕೆ ಬಂದಿಳಿದ ರಾತ್ರಿಯನ್ನು ಬರೆದಿದ್ದಳು. ಕನ್ನಡದಲ್ಲಿ ಕಾಗುಣಿತದ ತಪ್ಪುಗಳಿದ್ದವು. ನಾನು ಕೆಂಪು ಶಾಯಿಯಲ್ಲಿ "ವಿಷಯಾಂತರ" ಎಂದು ಬರೆದು ಅರ್ಧ ಅಂಕವನ್ನಷ್ಟೇ ಕೊಟ್ಟೆ.

೧೯೬೪ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಮರಳಿ ಬಂದ ತಮಿಳರಿಗೆ ಸುಳ್ಯ, ಪುತ್ತೂರುಗಳ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆ ಸಿಕ್ಕಿತು. ಇದೇ ರಸ್ತೆಯ ಇನ್ನೊಂದು ತುದಿಯ ಬೈಲಕುಪ್ಪೆಯಲ್ಲಿ ಅದಕ್ಕೂ ಕೆಲವು ವರ್ಷ ಮುಂಚೆ, ೧೯೬೦ರ ಸುಮಾರಿಗೆ, ಟಿಬೆಟಿನವರು ಕಾಡು ಕಡಿದು ನೆಲೆ ನಿಂತಿದ್ದರು. ಶಾಲಾ ಪ್ರವಾಸದಲ್ಲಿ ನಾನು ಮಕ್ಕಳನ್ನು ಬೈಲಕುಪ್ಪೆಗೆ ಕರೆದೊಯ್ದು ಆ ವಲಸೆಯನ್ನು ಚರಿತ್ರೆಯೆಂದೇ ವಿವರಿಸುತ್ತಿದ್ದೆ. ಶಾಲೆಯಿಂದ ನಾಲ್ಕು ಮೈಲಿಯ ರಬ್ಬರ್ ತೋಟ ನನಗೆ ಚರಿತ್ರೆಯಾಗಿ ಕಾಣಲಿಲ್ಲ.

೨೦೧೮ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿಯ ಗುಡ್ಡಗಳು ಕುಸಿದು ಬಂದಾಗ ಜೀವಗಳು ಹೋದವು, ಮನೆಗಳು ಹೋದವು. ಮಡಿಕೇರಿ–ಸಂಪಾಜೆಯ ನಡುವೆ ರಸ್ತೆಯೇ ಇಲ್ಲದಂತಾಯಿತು. ಆ ದಿನಗಳಲ್ಲಿ ಮೈಸೂರಿನಿಂದ ಒಂದು ದೂರವಾಣಿ ಕರೆ ಬಂತು. ಅದೇ ಹುಡುಗಿ, ಈಗ ಅಲ್ಲಿ ದಾದಿಯಾಗಿದ್ದಾಳೆ. ಸುಳ್ಯದಲ್ಲಿದ್ದ ತಾಯಿಯನ್ನು ನೋಡಲು ಬರಬೇಕು, ಯಾವ ದಾರಿ ತೆರೆದಿದೆ ಸರ್ ಎಂದು ಕೇಳಿದಳು. ಶಿರಾಡಿಯೂ ಮುಚ್ಚಿದೆ, ಚಾರ್ಮಾಡಿಯ ಮೇಲೆ ಬಾ ಎಂದೆ. ಪ್ರಬಂಧದ ಮಾತನ್ನು ಎತ್ತಲು ನನಗೆ ಧೈರ್ಯವಾಗಲಿಲ್ಲ. ಈಗ ಇಲ್ಲಿ ಬರೆದಿದ್ದೇನೆ. ಅವಳು ಓದುತ್ತಾಳೆಂದು ಬಲ್ಲೆ.