ಬೂತಾಯಿ ಮೀನು ಮತ್ತು ಕರಾವಳಿಯ ಜೀವನೋಪಾಯ: ಮೀನುಗಾರಿಕೆಯ ನಿರ್ಬಂಧಗಳ ಚಾರಿತ್ರಿಕ ಸಮೀಕ್ಷೆ

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಗೆ ಸಮೀಪದ ಸೂಳೆಕೆರೆಯಂತಹ ಜಲಾಶಯದಲ್ಲಿ ಮೀನಿನ ಪ್ರಶ್ನೆ ಬಹುಮಟ್ಟಿಗೆ ಸರಳವಾದುದು. ಕೆರೆಗೆ ಏರಿಯುಂಟು, ಅಂಗಳಕ್ಕೆ ಎಲ್ಲೆಯುಂಟು. ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡಬಹುದು. ಮರಿಗಳನ್ನು ಬಿಟ್ಟವರು ಯಾರು, ಬೆಳೆದ ಮೀನನ್ನು ಪಡೆಯಬೇಕಾದವರು ಯಾರು ಎಂಬುದನ್ನು ಕಾಗದದ ಮೇಲೆ ನಿರ್ಣಯಿಸಬಹುದು. ಕಡಲಿಗೆ ಏರಿಯಿಲ್ಲ. ಅಲ್ಲಿ ಒಬ್ಬನು ಇಂದು ಬಿಟ್ಟುಕೊಟ್ಟ ಮೀನು ನಾಳೆ ಮತ್ತೊಬ್ಬನ ಬಲೆಗೆ ಬೀಳುವುದು ಸಂಭವನೀಯ. ಹೀಗಿರುವಾಗ ಸಮುದ್ರದ ಮೀನನ್ನು ಕಾಪಾಡುವುದು ಹೇಗೆ, ಅದನ್ನೇ ನಂಬಿದ ಜನರನ್ನು ಬದುಕಿಸುವುದು ಹೇಗೆ ಎಂಬ ಎರಡು ಪ್ರಶ್ನೆಗಳು ಒಂದರಿಂದೊಂದು ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ. ಕನ್ನಡ ಕರಾವಳಿಯಲ್ಲಿ ಕಳೆದ ಒಂದು ಶತಮಾನದಲ್ಲಿ ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತುಳುವಿನಲ್ಲಿ ಬೂತಾಯಿ, ಕನ್ನಡದಲ್ಲಿ ಬೈಗೆ ಎಂದು ಕರೆಯಲ್ಪಡುವ ಮೀನು ಈ ಚರಿತ್ರೆಯ ಕೇಂದ್ರದಲ್ಲಿದೆ. ಇದರ ಆಯುಸ್ಸು ಸುಮಾರು ಎರಡೂವರೆ ವರ್ಷ. ಮಳೆಗಾಲದಲ್ಲಿ ಮೊಟ್ಟೆಯಿಟ್ಟು, ಮಳೆ ಇಳಿದ ಮೇಲೆ ಇದು ಹಿಂಡುಹಿಂಡಾಗಿ ದಡದ ಸಮೀಪಕ್ಕೆ ಬರುತ್ತದೆ. ಒಂದು ವರ್ಷ ಮರಳಿನ ಮೇಲೆ ರಾಶಿ ಬೀಳುವಷ್ಟು ದೊರೆತರೆ, ಮತ್ತೊಂದು ವರ್ಷ ಬುಟ್ಟಿ ತುಂಬುವಷ್ಟೂ ದೊರೆಯದಿರುವುದುಂಟು. ಈ ಏರಿಳಿತದಲ್ಲಿ ಪ್ರಕೃತಿಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬ ವಿವಾದ ಬಹುಕಾಲದಿಂದ ನಡೆದುಬಂದಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಕನ್ನಡವು ಮದರಾಸು ಆಧಿಪತ್ಯಕ್ಕೂ ಉತ್ತರ ಕನ್ನಡವು ಮುಂಬಯಿ ಆಧಿಪತ್ಯಕ್ಕೂ ಸೇರಿದ್ದವು. ಮದರಾಸಿನಲ್ಲಿ 1907ರಲ್ಲಿ ಸ್ಥಾಪಿತವಾದ ಮೀನುಗಾರಿಕಾ ಇಲಾಖೆಯ ಹಿಂದೆ ಸರ್ ಫ್ರೆಡರಿಕ್ ನಿಕೋಲ್ಸನ್ನರ ಪರಿಶ್ರಮವಿತ್ತು. ಹೇರಳವಾಗಿ ದೊರೆತಾಗ ತೆಂಗಿನ ತೋಟಗಳಿಗೆ ಗೊಬ್ಬರವಾಗಿ ಹೋಗುತ್ತಿದ್ದ ಬೂತಾಯಿಯಿಂದ ಎಣ್ಣೆ ತೆಗೆಯುವ ಉದ್ಯಮಕ್ಕೆ ಇಲಾಖೆ ಪ್ರೋತ್ಸಾಹ ಕೊಟ್ಟಿತು. ಬಡವರ ಗಂಜಿಗೆ ಪಲ್ಯವಾಗಿದ್ದ ಮೀನು ಕಾರ್ಖಾನೆಯ ಕಚ್ಚಾವಸ್ತುವಾದುದು ಹೀಗೆ.

1940ರ ದಶಕದಲ್ಲಿ ಬೂತಾಯಿಯ ಹಿಡುವಳಿ ತೀವ್ರವಾಗಿ ಕುಸಿಯಿತು. ಮದರಾಸು ಸರ್ಕಾರವು 1943ರಲ್ಲಿ ಮೊಟ್ಟೆಯಿಡುವ ಮೀನುಗಳನ್ನೂ ಮರಿಗಳನ್ನೂ ಹಿಡಿಯುವುದರ ಮೇಲೆ ನಿರ್ಬಂಧ ವಿಧಿಸಿತು. ಈ ಆಜ್ಞೆಯನ್ನು ಜಾರಿಗೊಳಿಸುವುದು ಕಷ್ಟವೆಂದು ಕಂಡುಬಂದು ಕೆಲವೇ ವರ್ಷಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಮುಂದೆ ಮೀನು ಮತ್ತೆ ದಡಕ್ಕೆ ಬಂದಿತು. ಬೂತಾಯಿ ತಾನಾಗಿಯೇ ಹೋಗುತ್ತದೆ, ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ಮೀನುಗಾರನಲ್ಲಿ ಇದರಿಂದ ದೃಢವಾಗಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆಜ್ಞೆಯ ಉದ್ದೇಶ ಸಾಧುವಾದುದೇ. ಆದರೆ ಯುದ್ಧಕಾಲದ ಆಹಾರದ ಕೊರತೆಯ ನಡುವೆ ಅದರ ಭಾರ ಬಿದ್ದುದು ಅಂದಂದಿನ ದುಡಿಮೆಯಿಂದ ಅಂದಂದಿನ ಊಟ ಕಾಣುತ್ತಿದ್ದವರ ಮೇಲೆ.

ಆ ಕಾಲದಲ್ಲಿ ಕರಾವಳಿಯ ಮುಖ್ಯ ಬಲೆ ರಂಪಣಿ. ಗೋವೆಯ ಕಡೆಯಿಂದ ಬಂದಿತೆನ್ನಲಾದ ಈ ಬಲೆ ಬಹಳ ಉದ್ದವಾದುದು. ದೋಣಿಯಲ್ಲಿ ಕೊಂಡೊಯ್ದು ಮೀನಿನ ಹಿಂಡನ್ನು ಸುತ್ತುವರಿದು, ಎರಡು ತುದಿಗಳನ್ನೂ ದಡದಿಂದ ಎಳೆಯಬೇಕು. ಇದು ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ಮೊಗವೀರ, ಖಾರ್ವಿ ಮೊದಲಾದ ಸಮುದಾಯಗಳ ಹತ್ತಾರು ಮನೆಗಳವರು ಬಲೆಯ ತುಂಡುಗಳನ್ನು ತಂದು ಜೋಡಿಸಿ ಒಂದು ಕೂಟವಾಗುತ್ತಿದ್ದರು; ಬಲೆಗೆ, ದೋಣಿಗೆ, ದುಡಿಮೆಗೆ ಪ್ರತ್ಯೇಕ ಪಾಲುಗಳಿದ್ದವು. ಹೆಂಗಸರು ಮೀನನ್ನು ಹೊತ್ತು ಮಾರುತ್ತಿದ್ದರು.

ರಂಪಣಿಯನ್ನು ಸಂರಕ್ಷಣೆಯ ಸಾಧನವೆಂದು ಹೊಗಳುವುದು ಚರಿತ್ರಕಾರನಿಗೆ ತಕ್ಕುದಲ್ಲ. ಸಿಕ್ಕಿದಷ್ಟನ್ನೂ ಅದು ಬಾಚುತ್ತಿತ್ತು. ವ್ಯಾಪಾರಿಯ ಸಾಲವೂ ಪಾಲಿನ ತಾರತಮ್ಯವೂ ಅದರ ಸುತ್ತ ಇದ್ದವು. ಆದರೂ ಎರಡು ಮಿತಿಗಳು ಅದಕ್ಕೆ ಸಹಜವಾಗಿಯೇ ಇದ್ದವು. ದಡಕ್ಕೆ ಬಾರದ ಮೀನನ್ನು ಅದು ಬೆನ್ನಟ್ಟಲಾರದು. ಮಳೆಗಾಲದ ಕಡಲಿನಲ್ಲಿ ಅದನ್ನು ಬೀಸಲಾಗದು. ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ಬಲೆ ಮನೆಯಲ್ಲಿರುತ್ತಿತ್ತು. ಯಾರೂ ಬರೆಯದಿದ್ದ ಈ ಕಟ್ಟಳೆಗೆ ಎಲ್ಲರೂ ಸಮಾನವಾಗಿ ಒಳಪಟ್ಟಿದ್ದರು.

ಸ್ವಾತಂತ್ರ್ಯಾನಂತರ ಉತ್ಪಾದನೆಯ ವೃದ್ಧಿ ಸರ್ಕಾರದ ಧ್ಯೇಯವಾಯಿತು. 1956ರಲ್ಲಿ ಎರಡು ಕನ್ನಡ ಜಿಲ್ಲೆಗಳೂ ಮೈಸೂರು ರಾಜ್ಯದಲ್ಲಿ ಒಂದಾದುವು. ಕೇರಳದಲ್ಲಿ ಆರಂಭವಾಗಿದ್ದ ಇಂಡೋ-ನಾರ್ವೇಜಿಯನ್ ಯೋಜನೆ 1963ರಲ್ಲಿ ಕಾರವಾರಕ್ಕೂ ವಿಸ್ತರಿಸಿತು. ಯಂತ್ರದೋಣಿಗಳು ಹೆಚ್ಚಿದುವು. ನಿರ್ಣಾಯಕವಾದ ತಿರುವು ಬಂದುದು 1970ರ ದಶಕದ ನಡುವಿನಲ್ಲಿ, ಪರ್ಸೀನ್ ಬಲೆ ಮಂಗಳೂರಿನ ಕಡಲಿಗೆ ಇಳಿದಾಗ. ರಂಪಣಿ ದಡದಲ್ಲಿ ಕಾದು ನಿಲ್ಲುತ್ತಿದ್ದ ಹಿಂಡನ್ನು ಪರ್ಸೀನ್ ಕಡಲಿನಲ್ಲೇ ಎದುರುಗೊಂಡು ಸುತ್ತುವರಿಯಿತು. ಸಂಘರ್ಷ ತಲೆದೋರಿತು. ಒಂದು ದಶಕದೊಳಗೆ ರಂಪಣಿ ಬಹುತೇಕ ಮರಳಿನಿಂದ ಮರೆಯಾಯಿತು; ಹಿಂದಿನ ಪಾಲುದಾರರಲ್ಲಿ ಹಲವರು ಪರರ ದೋಣಿಯ ಕೂಲಿಗಳಾದರು. ಒಟ್ಟು ಹಿಡುವಳಿಯ ಅಂಕಿಗಳನ್ನು ಮಾತ್ರ ನೋಡುವವರಿಗೆ ಈ ಬದಲಾವಣೆ ಕಾಣಿಸದು.

ಕೇರಳವು 1980ರಲ್ಲಿ, ಕರ್ನಾಟಕವು 1986ರಲ್ಲಿ ಸಮುದ್ರ ಮೀನುಗಾರಿಕೆಯನ್ನು ನಿಯಂತ್ರಿಸುವ ಅಧಿನಿಯಮಗಳನ್ನು ಮಾಡಿದುವು. ಕರ್ನಾಟಕದಲ್ಲಿ ದಡದಿಂದ 6 ಕಿಲೋಮೀಟರಿನವರೆಗಿನ ನೀರನ್ನು ಸಾಂಪ್ರದಾಯಿಕ ದೋಣಿಗಳಿಗೆ ಮೀಸಲಿಡಲಾಯಿತು. ಆದರೆ ಆ ನೀರಿಗೆ ಬರಬೇಕಾದ ಮೀನನ್ನು ಅದರಾಚೆಯೇ ಹಿಡಿಯಲು ಸಾಧ್ಯವಿದ್ದಾಗ ಮೀಸಲಿನ ಸ್ಥಳ ಉಳಿಯಿತೇ ಹೊರತು ಫಲ ಉಳಿಯಲಿಲ್ಲ. ಇದಕ್ಕೆ ಹೋಲಿಸಿದರೆ ಮಳೆಗಾಲದ ನಿಷೇಧ ಹೆಚ್ಚು ಬಾಳಿಕೆಯದಾಗಿದೆ. ಪಶ್ಚಿಮ ಕರಾವಳಿಯಲ್ಲಿ 2015ರಿಂದ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಏಕರೂಪದ ಅವಧಿ ಜಾರಿಯಲ್ಲಿದೆ. ಯಂತ್ರವಿಲ್ಲದ ನಾಡದೋಣಿಗಳಿಗೆ ವಿನಾಯಿತಿಯುಂಟು. ನಿಷೇಧದ ದಿನಗಳಿಗಾಗಿ ಉಳಿತಾಯ-ಪರಿಹಾರ ಯೋಜನೆಯೊಂದು ಇದೆ. ಮೀನುಗಾರನು ಕಟ್ಟಿದ 1,500 ರೂಪಾಯಿಗೆ ಸರ್ಕಾರಗಳು 3,000 ಸೇರಿಸಿ ಹಿಂತಿರುಗಿಸುತ್ತವೆ. ಮೊತ್ತ ಅಲ್ಪವೆಂಬುದು ನಿಜ. ಆದರೆ ಈ ನಿಯಮದ ಬಲ ಹಣದಲ್ಲಿಲ್ಲ. ಮಳೆಗಾಲದಲ್ಲಿ ದೋಣಿ ದಡಕ್ಕೆ ಸೇರಬೇಕೆಂಬ ಹಳೆಯ ನಡವಳಿಕೆಯನ್ನೇ ಅದು ಅನುಸರಿಸಿದೆ. ದೊಡ್ಡ ದೋಣಿಗಳ ಒಡೆಯರೆಲ್ಲರೂ ಏಕಕಾಲಕ್ಕೆ ಅದಕ್ಕೆ ಬದ್ಧರು.

ಈ ಸಂದರ್ಭದಲ್ಲಿ ದೂರದ ದೇಶವೊಂದರ ಸಾಲ್ಮನ್ ಮೀನಿನ ಪ್ರಕರಣ ಬೋಧಪ್ರದವಾಗಿದೆ. ಅಮೆರಿಕದ ವಾಷಿಂಗ್ಟನ್ ಪ್ರಾಂತದ ಮೂಲನಿವಾಸಿಗಳು 1854-55ರ ಒಪ್ಪಂದಗಳಲ್ಲಿ ನೆಲವನ್ನು ಬಿಟ್ಟುಕೊಟ್ಟು ಮೀನುಗಾರಿಕೆಯ ಹಕ್ಕನ್ನು ಉಳಿಸಿಕೊಂಡಿದ್ದರು. ಮುಂದೆ ಸಂರಕ್ಷಣೆಯ ಹೆಸರಿನಲ್ಲಿ ಅವರನ್ನೇ ಬಂಧಿಸಲಾಗುತ್ತಿತ್ತು. 1974ರಲ್ಲಿ ನ್ಯಾಯಾಧೀಶ ಬೋಲ್ಟ್ ಅವರು, ಹಿಡಿಯಬಹುದಾದ ಸಾಲ್ಮನ್‌ನಲ್ಲಿ ಅರ್ಧದಷ್ಟು ಪಾಲಿಗೆ ಒಪ್ಪಂದದ ಬುಡಕಟ್ಟುಗಳು ಅರ್ಹರೆಂದು ತೀರ್ಪಿತ್ತರು. ಅನಂತರ ಅವರು ಮೀನಿನ ನಿರ್ವಹಣೆಯಲ್ಲಿ ಸರ್ಕಾರದ ಜೊತೆಗಾರರಾದರು. ಸಾಲ್ಮನ್‌ನ ಸಂಕಷ್ಟ ಇದರಿಂದ ಮುಗಿಯಲಿಲ್ಲ. ನದಿಗಳಿಗೆ ಕಟ್ಟಿದ ಅಣೆಕಟ್ಟುಗಳು ಹಾಗೆಯೇ ಇದ್ದವು. ಆದರೆ ಕಳ್ಳರೆನಿಸಿಕೊಂಡಿದ್ದವರು ಕಾವಲುಗಾರರಾದರು.

ನಮ್ಮ ಕರಾವಳಿಯಲ್ಲಿ ಪ್ರಶ್ನೆ ಇಂದಿಗೂ ಜೀವಂತವಾಗಿದೆ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ನಿನಷ್ಟು ದೊರೆತ ಬೂತಾಯಿ, 2021ರಲ್ಲಿ 3,297 ಟನ್ನಿಗೆ ಇಳಿಯಿತು. ಸಮುದ್ರದ ಉಷ್ಣತೆಯ ವ್ಯತ್ಯಾಸವೂ ಮರಿಮೀನುಗಳ ಮಿತಿಮೀರಿದ ಬೇಟೆಯೂ ಇಂತಹ ಕುಸಿತಕ್ಕೆ ಕಾರಣಗಳೆಂದು ತಜ್ಞರು ಗುರುತಿಸಿದ್ದಾರೆ. ಹಿಂದಿನ ಎಣ್ಣೆಯ ಕಾರ್ಖಾನೆಗಳಂತೆ ಇಂದು ಮೀನುಹಿಟ್ಟಿನ ಕಾರ್ಖಾನೆಗಳು ಸಣ್ಣ ಮೀನಿಗೂ ಬೆಲೆ ಕಟ್ಟುತ್ತವೆ. ಪ್ರಖರ ದೀಪ ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದ ಮೇಲೂ ಅದರ ವಿಷಯದಲ್ಲಿ ನಾಡದೋಣಿಯವರ ದೂರು ನಿಂತಿಲ್ಲ.

ಮೇಲಿನ ವಿವೇಚನೆಯಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. 1943ರ ಆಜ್ಞೆ ಮೀನಿನ ಗಾತ್ರವನ್ನು ಗಮನಿಸಿತು, ಹಿಡಿಯುವವನ ಹಸಿವನ್ನು ಗಮನಿಸಲಿಲ್ಲ. 1986ರ ಅಧಿನಿಯಮ ನೀರನ್ನು ಹಂಚಿತು, ಮೀನನ್ನು ಹಂಚಲಿಲ್ಲ. ಮಳೆಗಾಲದ ನಿಷೇಧ ಬಿಡುವಿನ ಕಷ್ಟವನ್ನು ಬಹುಜನರಲ್ಲಿ ಹಂಚಿದ್ದರಿಂದ ನಿಂತಿತು. ಇಂದು ಮೀನನ್ನು ಬಿಟ್ಟವನಿಗೆ ನಾಳೆ ಅದರಲ್ಲಿ ಪಾಲುಂಟೆಂಬ ಭರವಸೆ ಇದ್ದಾಗ ಮಾತ್ರ ಸಂರಕ್ಷಣೆಯ ನಿಯಮ ನೆಲೆ ನಿಲ್ಲುತ್ತದೆ. ರಂಪಣಿಯನ್ನು ಮರಳಿ ತರುವುದು ಅಸಾಧ್ಯ. ಆದರೆ ಬಲೆ ಎಳೆದ ಪ್ರತಿಯೊಂದು ಕೈಗೂ ಪಾಲುಂಟೆಂಬ ಅದರ ಲೆಕ್ಕವನ್ನು, ಮುಂದಿನ ಶಾಸನಗಳನ್ನು ರಚಿಸುವವರು ಮರೆಯಬಾರದು.