ಒಂದು ಗಿಲ್ಡರಿಗೆ ಮಾರಾಟವಾದ ಕಾರ್ಖಾನೆ



ಊರಿಗೆ ದೊಡ್ಡ ಕಾರ್ಖಾನೆಯೊಂದು ಬರಲಿದೆಯೆಂಬ ಸುದ್ದಿ ಹಬ್ಬಿದೊಡನೆ ಎರಡು ಮಾತುಗಳು ಕೇಳಿಬರುತ್ತವೆ. 'ನಮ್ಮ ಮಕ್ಕಳಿಗೆ ಕೆಲಸ ಸಿಗುತ್ತದೆ' ಎಂಬುದು ಒಂದು. 'ನಮ್ಮ ನೆಲ, ಜಲ ಕೆಡುತ್ತವೆ' ಎಂಬುದು ಇನ್ನೊಂದು. ಈ ಎರಡೂ ಒಂದೇ ನೆಲದಲ್ಲಿ ನಿಜವಾದ ಬಗೆಯನ್ನು ಅರಿಯಬೇಕಾದರೆ ಕೆರಿಬಿಯನ್ ಸಮುದ್ರದ ಕ್ಯುರಸಾವೊ ದ್ವೀಪದ ಇತಿಹಾಸವನ್ನು ನೋಡಬೇಕು.

ವೆನೆಜುವೆಲಾದ ಕರಾವಳಿಯಿಂದ ಸುಮಾರು 65 ಕಿಲೋಮೀಟರ್ ದೂರದಲ್ಲಿರುವ ಈ ದ್ವೀಪದ ವಿಸ್ತೀರ್ಣ 444 ಚದರ ಕಿಲೋಮೀಟರ್ ಮಾತ್ರ. 1634ರಲ್ಲಿ ಅದು ಡಚ್ಚರ ವಶವಾಯಿತು. ಮುಂದೆ ಗುಲಾಮರ ವ್ಯಾಪಾರದ ದೊಡ್ಡ ಸಂತೆಯಾಯಿತು. 1863ರಲ್ಲಿ ಗುಲಾಮಗಿರಿ ರದ್ದಾದರೂ ಬಡತನ ರದ್ದಾಗಲಿಲ್ಲ. ಮಳೆ ಕಡಿಮೆಯಾದ ಆ ಒಣಭೂಮಿಯಲ್ಲಿ ಜನರು ಜೋಳ ಬೆಳೆದರು, ಉಪ್ಪು ತೆಗೆದರು, ಹುಲ್ಲಿನ ಟೋಪಿಗಳನ್ನು ಹೆಣೆದು ಮಾರಿದರು. ಅನೇಕ ಗಂಡಸರು ಕಬ್ಬು ಕಡಿಯಲು ಕ್ಯೂಬಾಕ್ಕೆ ಹೋದರು.

1914ರಲ್ಲಿ ವೆನೆಜುವೆಲಾದ ಮರಕೈಬೊ ಸರೋವರದ ಬಳಿ ಹೇರಳವಾದ ತೈಲ ದೊರೆಯಿತು. ಆದರೆ ಸರೋವರದ ಬಾಯಿಯಲ್ಲಿ ಮರಳದಿಬ್ಬವಿದ್ದುದರಿಂದ ದೊಡ್ಡ ಹಡಗುಗಳು ಒಳಹೋಗುವಂತಿರಲಿಲ್ಲ. ಸಣ್ಣ ಹಡಗುಗಳಲ್ಲಿ ಕಚ್ಚಾ ತೈಲವನ್ನು ಸಮೀಪದ ಆಳವಾದ ಬಂದರಿಗೆ ತಂದು, ಅಲ್ಲಿ ಶುದ್ಧೀಕರಿಸಿ ಲೋಕಕ್ಕೆ ಕಳುಹಿಸುವುದು ಲಾಭಕರವೆಂದು ಶೆಲ್ ಕಂಪನಿ ಕಂಡಿತು. ಕ್ಯುರಸಾವೊ ದ್ವೀಪದ ಸ್ಕೊಟ್ಟೆಗಾಟ್ ಬಂದರಿನ ದಡದಲ್ಲಿ 1918ರಲ್ಲಿ ತೈಲ ಸಂಸ್ಕರಣಾಗಾರ ಕೆಲಸ ಆರಂಭಿಸಿತು.

ದ್ವೀಪದ ಮುಖವೇ ಬದಲಾಯಿತು. ಮಡೈರಾ, ಸುರಿನಾಮ್ ಹಾಗೂ ಬ್ರಿಟಿಷ್ ಆಳ್ವಿಕೆಯ ದ್ವೀಪಗಳಿಂದ ಕಾರ್ಮಿಕರು ಬಂದರು. ಸುಮಾರು 33 ಸಾವಿರದಷ್ಟಿದ್ದ ಜನಸಂಖ್ಯೆ 1950ರ ಹೊತ್ತಿಗೆ ಒಂದು ಲಕ್ಷವನ್ನು ಮುಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ವಿಮಾನ, ಹಡಗುಗಳಿಗೆ ಇಂಧನ ಒದಗಿಸಿದ ಮುಖ್ಯ ನೆಲೆಗಳಲ್ಲಿ ಇದೂ ಒಂದಾಗಿತ್ತು. ತಿಂಗಳ ಸಂಬಳ ಮನೆ ಕಟ್ಟಿತು, ಅಂಗಡಿಗಳನ್ನು ತುಂಬಿತು. ಈ ಉಪಕಾರವನ್ನು ಅಲ್ಲಗಳೆಯುವುದು ಸತ್ಯಕ್ಕೆ ಎಸಗುವ ಅಪಚಾರವಾದೀತು.

ಆದರೆ ಸಂಬಳದ ಎದುರು ಬೇಸಾಯ ಸೋತಿತು. ಹೊಲಗಳು ಪಾಳುಬಿದ್ದವು, ಉಣ್ಣುವ ಅನ್ನಕ್ಕೂ ಹಡಗಿನ ದಾರಿ ಕಾಯುವಂತಾಯಿತು. ದೊಡ್ಡ ಹುದ್ದೆಗಳೂ ಒಳ್ಳೆಯ ಬಡಾವಣೆಗಳೂ ಹೆಚ್ಚಾಗಿ ಡಚ್ಚರ ಪಾಲಾದವು. ಇಡೀ ದ್ವೀಪವು ಒಬ್ಬನ ದುಡಿಮೆಯನ್ನೇ ನಂಬಿದ ಸಂಸಾರದಂತಾಯಿತು.

ಆ ದುಡಿಮೆ ಕುಗ್ಗತೊಡಗಿದ್ದು 1950ರ ದಶಕದಲ್ಲಿ. ಸ್ವಯಂಚಾಲಿತ ಯಂತ್ರಗಳು ಬಂದವು. 1952ರಲ್ಲಿ ಸುಮಾರು 11 ಸಾವಿರವಿದ್ದ ನೌಕರರ ಸಂಖ್ಯೆ 1969ರ ವೇಳೆಗೆ ಸುಮಾರು 4 ಸಾವಿರಕ್ಕೆ ಇಳಿಯಿತು. ಎಷ್ಟೋ ಕೆಲಸಗಳು ಗುತ್ತಿಗೆದಾರರ ಕೈಸೇರಿದವು. ಒಂದೇ ಬಗೆಯ ಕೆಲಸಕ್ಕೆ ಕಂಪನಿಯ ನೌಕರನಿಗೊಂದು ಕೂಲಿ, ಗುತ್ತಿಗೆಯವನಿಗೆ ಅದಕ್ಕಿಂತ ಕಡಿಮೆ ಕೂಲಿ. ಈ ಅನ್ಯಾಯದ ವಿರುದ್ಧ ಎದ್ದ ಮುಷ್ಕರ 1969ರ ಮೇ 30ರಂದು ದಂಗೆಯಾಗಿ, ರಾಜಧಾನಿ ವಿಲ್ಲೆಮ್‌ಸ್ಟಾಡಿನ ಒಂದು ಭಾಗ ಹೊತ್ತಿ ಉರಿಯಿತು. ಇಬ್ಬರು ಪ್ರಾಣ ತೆತ್ತರು. ಸರಕಾರ ರಾಜೀನಾಮೆ ನೀಡಿತು. ಉತ್ಪಾದನೆ ಹೆಚ್ಚಿದರೆ ಸಮೃದ್ಧಿಯೂ ತಾನಾಗಿ ಹಂಚಿಹೋಗುತ್ತದೆಂಬ ನಂಬಿಕೆಗೆ ಆ ಬೆಂಕಿಯೇ ಉತ್ತರವಾಗಿತ್ತು.

1985ರಲ್ಲಿ ನೆರೆಯ ಅರುಬಾ ದ್ವೀಪದ ಸಂಸ್ಕರಣಾಗಾರವನ್ನು ಎಕ್ಸಾನ್ ಮುಚ್ಚಿತು. ಅದೇ ವರ್ಷ ಶೆಲ್ ಕೂಡ ಕ್ಯುರಸಾವೊ ಬಿಟ್ಟುಹೊರಟಿತು; ಕಾರ್ಖಾನೆಯನ್ನು ಒಂದು ಗಿಲ್ಡರಿನ ನಾಮಮಾತ್ರ ಬೆಲೆಗೆ ಸರಕಾರಕ್ಕೆ ಒಪ್ಪಿಸಿತು. ಇಷ್ಟು ಅಗ್ಗವೇ ಎಂದು ನೀವು ಬೆರಗಾಗಬಹುದು. ಆ ಒಂದು ಗಿಲ್ಡರಿನೊಡನೆ ಅದುವರೆಗಿನ ಮಾಲಿನ್ಯದ ಹೊಣೆಯೂ ಸರಕಾರದ ತಲೆಗೆ ಬಂದಿತ್ತು. ಬಂದರಿನ ಅಂಚಿನಲ್ಲಿ ಯುದ್ಧಕಾಲದಲ್ಲಿ ಸುರಿದ ಡಾಂಬರಿನ ಕೆರೆಯೇ ನಿಂತಿತ್ತು. ಗಾಳಿ ಬೀಸುವ ದಿಕ್ಕಿನಲ್ಲಿದ್ದ ಬಡವರ ಕೇರಿಗಳು ಗಂಧಕದ ಹೊಗೆಯನ್ನು ಮುಂದೆಯೂ ಉಸಿರಾಡಬೇಕಾಯಿತು. ಅಷ್ಟಾದರೂ ಉದ್ಯೋಗ ಉಳಿಯಲೆಂದು ಸರಕಾರ ಅದನ್ನು ವೆನೆಜುವೆಲಾದ ಸರಕಾರಿ ತೈಲ ಕಂಪನಿಗೆ ಗುತ್ತಿಗೆಗೆ ಕೊಟ್ಟಿತು. ಆ ದೇಶದ ಅರ್ಥವ್ಯವಸ್ಥೆ ಕುಸಿದಾಗ ಕ್ಯುರಸಾವೊಗೂ ಪೆಟ್ಟುಬಿತ್ತು. 2019ರಲ್ಲಿ ಆ ಗುತ್ತಿಗೆಯೂ ಮುಗಿಯಿತು.

ಓದುಗರೇ, ಕಚ್ಚಾ ತೈಲ ಹೊರಗಿನದು, ಬಂಡವಾಳ ಹೊರಗಿನದು, ಮಾರುಕಟ್ಟೆಯೂ ಹೊರಗಿನದು. ದ್ವೀಪದವರದೆಂದು ಇದ್ದದ್ದು ಬಂದರು, ನೆಲ ಮತ್ತು ದುಡಿಯುವ ತೋಳು. ತೋಳಿನ ಅಗತ್ಯ ಕಡಿಮೆಯಾದಾಗ ಉಳಿದದ್ದು ನೆಲ, ಅದೂ ಕಲುಷಿತವಾಗಿತ್ತು. ಹಾಗೆಂದು ಕಾರ್ಖಾನೆ ಬೇಡವೇ ಬೇಡವೆಂದು ಈ ಇತಿಹಾಸ ಹೇಳುವುದಿಲ್ಲ. ಕೆಲಸವಿಲ್ಲದ ಮನೆಯ ಕಷ್ಟ ಟೋಪಿ ಹೆಣೆದ ಆ ತಾಯಂದಿರಿಗೂ ಗೊತ್ತಿತ್ತು. ಕಾರ್ಖಾನೆ ತುಂಬಿ ದುಡಿಯುವಾಗಲೇ ಅದರ ಲಾಭದ ಒಂದು ಪಾಲು ಬೇಸಾಯಕ್ಕೆ, ಬೇರೆ ಕಸುಬುಗಳಿಗೆ, ನೆಲವನ್ನು ಶುಚಿಗೊಳಿಸುವ ನಿಧಿಗೆ ಹೋಗಬೇಕು. ಗುತ್ತಿಗೆ ಕಾರ್ಮಿಕನಿಗೂ ಸಮಾನ ಕೂಲಿ ಸಿಗಬೇಕು. ಕಂಪನಿ ಹೊರಟುನಿಂತ ದಿನ ಇವನ್ನು ಕೇಳಿದರೆ ಕೈಗೆ ಸಿಗುವುದು ಲೆಕ್ಕಪತ್ರ ಮಾತ್ರ. ನಿಮ್ಮ ಊರಿನ ಸಭೆಯಲ್ಲಿ ಹೊಸ ಉದ್ಯಮದ ಮಾತು ಬಂದಾಗ, ಎಷ್ಟು ಮಂದಿಗೆ ಕೆಲಸವೆಂದು ಕೇಳಿ. ಎಷ್ಟು ವರ್ಷದ ಕೆಲಸ, ಹೋಗುವಾಗ ಏನನ್ನು ಬಿಟ್ಟುಹೋಗುತ್ತೀರಿ ಎಂಬುದನ್ನೂ ಅಂದೇ ಕೇಳಿ.