ಅಂಜುದೀವದ ತೀರಾವತರಣ ಮತ್ತು ನೌಕಾ ಫಿರಂಗಿದಾಳಿ

ಶತ್ರುವಶದಲ್ಲಿರುವ ತೀರಕ್ಕೆ ದೋಣಿಗಳಿಂದ ಇಳಿಯುವ ಸೈನಿಕರ ರಕ್ಷಣಾರ್ಥವಾಗಿ ಯುದ್ಧನೌಕೆಗಳು ನಡೆಸುವ ಫಿರಂಗಿದಾಳಿಗೆ ಕನ್ನಡ ಕರಾವಳಿಯು ನೀಡುವ ಅರ್ವಾಚೀನ ನಿದರ್ಶನವೆಂದರೆ, 1961ರ ಡಿಸೆಂಬರ್ 18 ಮತ್ತು 19ರಂದು ಕಾರವಾರದ ದಕ್ಷಿಣಕ್ಕೆ, ಬಿಣಗಾ ಅರ್ಗಾಗಳ ಎದುರಿಗಿರುವ ಅಂಜುದೀವ ದ್ವೀಪದಲ್ಲಿ ಭಾರತೀಯ ನೌಕಾಪಡೆಯು ಕೈಗೊಂಡ ಕಾರ್ಯಾಚರಣೆ. 1505ರಲ್ಲಿ ಪೋರ್ಚುಗೀಸ್ ರಾಜಪ್ರತಿನಿಧಿ ಅಲ್ಮೇಡನು ಇಲ್ಲಿ ಕೋಟೆ ಕಟ್ಟಿಸಿ ಮರುವರ್ಷವೇ ಕೆಡವಿಸಿದನು. ಅನಂತರ ಮತ್ತೆ ಪೋರ್ಚುಗೀಸರ ಕೈಸೇರಿದ ಈ ದ್ವೀಪವು 1961ರವರೆಗೂ ಅವರ ವಶದಲ್ಲಿಯೇ ಉಳಿದಿತ್ತು. 1961ರ ನವೆಂಬರಿನಲ್ಲಿ ಅಲ್ಲಿನ ಕಾವಲು ಪಡೆಯು ಸಾಬರಮತಿ ಎಂಬ ಪ್ರಯಾಣಿಕ ಹಡಗಿನ ಮೇಲೆಯೂ ಮೀನುಗಾರರ ಮೇಲೆಯೂ ಗುಂಡು ಹಾರಿಸಿದ್ದು, ಅಂಜುದೀವದ ದಾಳಿಯನ್ನೂ ಒಳಗೊಂಡ ಗೋವಾ ವಿಮೋಚನೆಯ ಕಾರ್ಯಾಚರಣೆಯನ್ನು ಸಮೀಪಕ್ಕೆ ತಂದ ಪ್ರಕರಣಗಳಲ್ಲಿ ಒಂದು.

ನೌಕಾ ಫಿರಂಗಿಯ ಶಕ್ತಿಯೂ ಮಿತಿಯೂ ಅದರ ಗುಂಡಿನ ಪಥದಲ್ಲಿಯೇ ಅಡಗಿವೆ. ಅತಿವೇಗದಿಂದ, ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಾಯುವ ಗುಂಡು ಎದುರಿನ ಗೋಡೆಯನ್ನು ಸೀಳಬಲ್ಲುದು. ಬಂಡೆಯ ಅಥವಾ ಗುಡ್ಡದ ಮರೆಯಲ್ಲಿ ಹುದುಗಿದವನನ್ನು ಮಾತ್ರ ಸುಲಭವಾಗಿ ತಲುಪದು. ಇದಕ್ಕಿಂತ ಘೋರವಾದ ಸಮಸ್ಯೆ ಬೇರೊಂದಿದೆ: ದೋಣಿಗಳು ದಡವನ್ನು ಸಮೀಪಿಸುತ್ತಿದ್ದಂತೆ, ಸ್ವಪಕ್ಷದವರಿಗೇ ತಗುಲೀತೆಂಬ ಭಯದಿಂದ ಹಡಗು ತನ್ನ ದಾಳಿಯನ್ನು ನಿಲ್ಲಿಸಬೇಕಾಗುತ್ತದೆ, ಇಲ್ಲವೇ ಒಳನಾಡಿನತ್ತ ತಿರುಗಿಸಬೇಕಾಗುತ್ತದೆ, ಆ ಕೆಲವೇ ನಿಮಿಷಗಳಲ್ಲಿ ಅಡಗಿದ್ದ ಮೆಷಿನ್ ಗನ್ನುಗಳು ತಲೆಯೆತ್ತುತ್ತವೆ. 1943ರಲ್ಲಿ ಪೆಸಿಫಿಕ್ ಸಾಗರದ ತರಾವಾದಲ್ಲಿ ಅಮೆರಿಕದ ಸುಮಾರು ಸಾವಿರ ಮಂದಿ ಮಡಿದುದಕ್ಕೆ, ದೋಣಿಗಳು ತಡವಾಗಿದ್ದರೂ ಫಿರಂಗಿಗಳು ಬೇಗನೆ ಮೌನತಾಳಿದುದೂ ಒಂದು ಕಾರಣ.

ಅಂಜುದೀವಕ್ಕೆ ನಿಯುಕ್ತವಾದ ಹಡಗುಗಳು ಎರಡು. ಒಂದು ತ್ರಿಶೂಲ್ ಫ್ರಿಗೇಟು, 4.5 ಅಂಗುಲದ ಫಿರಂಗಿಗಳದು. ಇನ್ನೊಂದು ಮೈಸೂರ್ ಕ್ರೂಸರು. ಎರಡನೆಯ ಮಹಾಯುದ್ಧದಲ್ಲಿ ನೈಜೀರಿಯಾ ಎಂಬ ಹೆಸರಿನಿಂದ ಬ್ರಿಟಿಷರ ಪರವಾಗಿ ಹೋರಾಡಿದ್ದ ಅದನ್ನು ಭಾರತವು 1954ರಲ್ಲಿ ಕೊಂಡು, 1957ರಲ್ಲಿ ಸೇವೆಗೆ ಸೇರಿಸಿತ್ತು. ಅದರ ಒಂಬತ್ತು 6 ಅಂಗುಲದ ಫಿರಂಗಿಗಳ ಒಂದೊಂದು ಗುಂಡೂ ಸುಮಾರು 50 ಕಿಲೋಗ್ರಾಂ ತೂಗುತ್ತಿತ್ತು. ಕಾರವಾರವು ಆಗ ಮೈಸೂರು ರಾಜ್ಯಕ್ಕೇ ಸೇರಿದ್ದಿತಾದುದರಿಂದ, ಆ ರಾಜ್ಯದ ಹೆಸರನ್ನು ಹೊತ್ತ ಹಡಗು ಆ ರಾಜ್ಯದ ಮೀನುಗಾರರ ಕಡಲಿನಲ್ಲಿಯೇ ಕಾದಿತೆಂಬುದು ಸ್ಮರಣಾರ್ಹ.

ದಡಕ್ಕಿಳಿದವರು ಇದಕ್ಕೆಂದೇ ಮೀಸಲಾದ ಪದಾತಿದಳದವರಲ್ಲ. ಲೆಫ್ಟಿನೆಂಟ್ ಅರುಣ್ ಆಡಿಟ್ಟೊ ಅವರ ನೇತೃತ್ವದ ನೌಕಾಪಡೆಯ ನಾವಿಕರೇ. ಮೊದಲ ತಂಡವು ದಡ ಸೇರಿತು. ಎರಡನೆಯ ತಂಡವಾದರೋ, ಮರೆಯಿಲ್ಲದ ದೋಣಿಗಳಲ್ಲಿ ಸಾಗುತ್ತಿರುವಾಗಲೇ ತೀವ್ರವಾದ ಗುಂಡಿನ ದಾಳಿಗೆ ಸಿಲುಕಿತು. ಹಡಗಿನ ಫಿರಂಗಿಗಳು ಉತ್ತರ ಕೊಟ್ಟುವು. ಆದರೂ ಬಂಡೆಗಳ ಸಂದಿನಿಂದ ಬರುತ್ತಿದ್ದ ಪ್ರತಿರೋಧವನ್ನು ಕಾಲ್ನಡೆಯಲ್ಲಿಯೇ ಅಡಗಿಸಬೇಕಾಯಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಕಾವಲು ಪಡೆಯ ಬಹುತೇಕ ಎಲ್ಲರೂ ಸೆರೆಯಾದರು. ಏಳು ಮಂದಿ ನಾವಿಕರು ಪ್ರಾಣತೆತ್ತರು. ಹತ್ತೊಂಬತ್ತು ಮಂದಿ ಗಾಯಗೊಂಡರು. ಇಷ್ಟು ಚಿಕ್ಕ ದ್ವೀಪಕ್ಕೆ ಇದು ಅಲ್ಪವಾದ ಬೆಲೆಯಲ್ಲ. ಭಾರೀ ಫಿರಂಗಿಗಳು ಬೆಂಬಲಕ್ಕಿದ್ದರೂ ಇಳಿಯುವವನ ಎದೆ ದಡದವರೆಗೂ ತೆರೆದೇ ಇರುತ್ತದೆಂಬುದನ್ನು ಯೋಜನೆಯ ನಕ್ಷೆಗಳು ತೋರಿಸವು. ಮಡಿದ ನಾವಿಕರ ಸ್ಮಾರಕವು ಗೋವೆಯ ಐ.ಎನ್.ಎಸ್. ಗೋಮಾಂತಕದಲ್ಲಿದೆ. ದ್ವೀಪವು ಈಗ ಅಲೆತಡೆಗೋಡೆಯೊಂದರಿಂದ ಮುಖ್ಯಭೂಮಿಗೆ ಕೂಡಿಕೊಂಡು, ಕಾರವಾರದ ಕದಂಬ ನೌಕಾನೆಲೆಯ ಅಂಗವಾಗಿದೆ.